ದೇವರ ಕೋಣೆಯಿಂದ ಬಂದ ತಾಳೆಗರಿ

ಎಪ್ಪತ್ತರ ದಶಕದ ಕೊನೆಯ ಮೂರು ವರ್ಷ, ಚಾಮರಾಜಪೇಟೆಯ ಹಳೆಯ ಕಟ್ಟಡವೊಂದರ ಮಹಡಿಯಲ್ಲಿ ನಾನು ಒಂದೇ ಕಾವ್ಯದ ಐದು ತಾಳೆಗರಿ ಪ್ರತಿಗಳನ್ನು ಸಾಲಿಗೆ ಸಾಲು ಹೋಲಿಸುತ್ತ ಕೂತಿದ್ದೆ. ಅವುಗಳಿಂದ ಸರಿಯಾದ ಪಾಠ ಆರಿಸಿ ಪುಸ್ತಕ ತರಬೇಕಿತ್ತು; ಯಾವ ಪ್ರತಿಯನ್ನು ಎಷ್ಟು ನಂಬಬಹುದು ಎಂದು ಹೇಳುವುದು ನನ್ನ ಕೆಲಸ. ಒಬ್ಬ ಲಿಪಿಕಾರ ಸಾಲು ಹಾರಿಸಿದ್ದರೆ ಇನ್ನೊಬ್ಬ ತನ್ನದೇ ಪದ್ಯ ತುರುಕಿರುತ್ತಿದ್ದ. ಕಾವ್ಯದ ಮೇಲಿನ ಪ್ರೀತಿ ಮೊದಲ ವರ್ಷಕ್ಕೇ ಮುಗಿದು, ಸೊಂಟನೋವು ಮಾತ್ರ ಉಳಿದಿತ್ತು.

ಐದರಲ್ಲಿ ಒಂದು ಶಂಕರಪುರಂನ ನಿವೃತ್ತ ಮೇಷ್ಟರೊಬ್ಬರ ಮನೆಯದು. ತಾತನ ತಾತನ ಕಾಲದ್ದೆಂದು ಅವರ ನಂಬಿಕೆ. ದೇವರ ಕೋಣೆಯಲ್ಲಿದ್ದು, ಅರಿಸಿನ ಕುಂಕುಮ ಮೆತ್ತಿ ಗರಿಗಳು ಕಪ್ಪಾಗಿದ್ದವು. ನಾನು ಅದಕ್ಕೇ ಮರುಳಾದೆ. ಅದರಲ್ಲಿ ರಾಜ ಯುದ್ಧಕ್ಕೆ ಹೊರಡುವ ಮೊದಲೇ ರಾಣಿ ಅವನ ಸಾವಿಗೆ ಅಳುತ್ತಿದ್ದಳು. ಇದೇ ಕವಿಯ ಮೂಲ ಕ್ರಮ, ಮಿಕ್ಕ ನಾಲ್ವರು ಕೈಯಾಡಿಸಿದ್ದಾರೆ ಎಂದು ಇಪ್ಪತ್ತು ಪುಟ ವಾದ ಬರೆದೆ. ಮೇಷ್ಟರು ಪ್ರತಿ ಶನಿವಾರ ನಡೆದು ಬಂದು, ಮುನ್ನುಡಿಯಲ್ಲಿ ತಮ್ಮ ಮನೆಯ ಪ್ರತಿಯೇ ಮೊದಲು ಬರುತ್ತದೆ ತಾನೇ ಎಂದು ಕೇಳಿ, ನನ್ನಿಂದ ಹೌದೆನಿಸಿಕೊಂಡು ಹೋಗುತ್ತಿದ್ದರು. ನೆಂಟರಿಗೆಲ್ಲ ಹೇಳಿಯೂ ಆಗಿತ್ತು.

ಆಮೇಲೆ ಹಳೇ ಪುಸ್ತಕದ ಅಂಗಡಿಯಲ್ಲಿ ಅದೇ ಕಾವ್ಯದ, ನಾನು ಅದುವರೆಗೆ ಕಂಡಿರದ ಹಳೆಯ ಅಚ್ಚಿನ ಪುಸ್ತಕ ಸಿಕ್ಕಿತು. ಅಚ್ಚುಕೂಟದವರ ಕೈತಪ್ಪಿನಿಂದ ಅದರಲ್ಲಿ ಎರಡು ಪುಟ ಅದಲುಬದಲಾಗಿದ್ದವು. ಹಾಗಾಗಿ ಅಲ್ಲಿಯೂ ರಾಣಿ ಮುಂಚೆಯೇ ಅಳುತ್ತಿದ್ದಳು; ಗರಿಯಲ್ಲಿ ಕ್ರಮ ತಪ್ಪಿದ್ದ ಸಾಲೇ ಇಲ್ಲಿ ಸರಿಯಾಗಿ ಪುಟದ ಮೊದಲ ಸಾಲು. ಅಚ್ಚಿನ ಪುಸ್ತಕಕ್ಕೆ ಮಡಿಯಿಲ್ಲವೆಂದು ಮೇಷ್ಟರ ಮನೆಯ ಹಿರಿಯರು ಯಾರೋ ಅದನ್ನೇ ನೋಡಿಕೊಂಡು, ಪೂಜೆಗೆಂದು ಗರಿಯ ಮೇಲೆ ಬರೆದಿದ್ದರು. ಮೂರು ವರ್ಷ ನಾನು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಿದ್ದೆ. ಸಿಟ್ಟು ಬಂತು, ಹೆಚ್ಚಾಗಿ ನನ್ನ ಮೇಲೆಯೇ.

ಶನಿವಾರ ಎರಡನ್ನೂ ಮೇಷ್ಟರ ಮುಂದಿಟ್ಟು ವಿಷಯ ಹೇಳಿದೆ. ಅವರು ಬಹಳ ಹೊತ್ತು ಓದಿದರು.

"ಹಾಗಾದ್ರೆ ನಮ್ಮ ಹಿರಿಯರು ಸುಳ್ಳು ಬರೆದ್ರು ಅಂತೀರಾ?"

"ಇಲ್ಲ ಮೇಷ್ಟ್ರೇ. ಕಂಡದ್ದನ್ನ ಕಂಡ ಹಾಗೇ ಬರೆದಿದಾರೆ. ಒಂದಕ್ಷರಾನೂ ತಪ್ಪಿಲ್ಲ."

ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಅಷ್ಟು ನಿಯತ್ತಿನ ಕೈ ಮಿಕ್ಕ ನಾಲ್ವರಲ್ಲಿ ಒಬ್ಬರಿಗೂ ಇರಲಿಲ್ಲ. ಮೇಷ್ಟರ ಮುಖ ಸ್ವಲ್ಪ ಗೆಲುವಾಯಿತು.

"ಮತ್ತೆ, ಪುಸ್ತಕದಲ್ಲಿ ಸೇರಿಸ್ಬೋದಲ್ವಾ?"

ಅಚ್ಚಿನ ಪುಸ್ತಕದ ನಕಲನ್ನು ಪ್ರತಿಯೆಂದು ಲೆಕ್ಕಕ್ಕೆ ತರಲಾಗದು, ಆಗುವುದಿಲ್ಲ ಎಂದೆ. ಅವರು ಗರಿಗಳನ್ನು ವಸ್ತ್ರದಲ್ಲಿ ಸುತ್ತಿ, ಕಣ್ಣಿಗೊತ್ತಿಕೊಂಡು, ಮೆಟ್ಟಿಲು ಇಳಿದು ಹೋದರು.

ಮುಂದಿನ ಶನಿವಾರ ಅವರು ಬರಲಿಲ್ಲ. ನಾನು ಆ ನಾಲ್ವರು ಸುಳ್ಳುಗಾರರನ್ನು ಮುಂದಿಟ್ಟುಕೊಂಡು ಮೊದಲನೇ ಪದ್ಯದಿಂದ ಮತ್ತೆ ಶುರುಮಾಡಿದೆ.