ಬಿಳಿಚೋಡಿನ ಬಾವಿಯಲ್ಲಿ ನಾನಿಟ್ಟ ಪೆಟ್ಟಿಗೆ

ಭಾನುವಾರ ಮಧ್ಯಾಹ್ನ ಮೂರೂ ಹತ್ತಕ್ಕೆ ನಮ್ಮ ಸೋದರಮಾವ ಬಿಳಿಚೋಡಿನ ಹಾಳುಬಾವಿಗೆ ಇಳಿದರು. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಇಳಿಯುವ ಮುನ್ನ ಅವರು ಮೊಬೈಲಿನಲ್ಲಿ ಗಂಟೆ ನೋಡಿ, "ನಾಲ್ಕೂವರೆಗೆ ರಾಹುಕಾಲ ಹತ್ತುತ್ತೆ, ಅಷ್ಟರಾಗೆ ಪೆಟ್ಟಿಗೆ ಮೇಲೆ ಬಂದುಬಿಡ್ಬೇಕು" ಎಂದಿದ್ದರು. ರಾಹುವಿನ ವಿಷಯದಲ್ಲಿ ತೋರಿಸಿದ ಎಚ್ಚರದಲ್ಲಿ ಒಂದಿಷ್ಟನ್ನು ಮೆಟ್ಟಿಲುಗಳಿಗೂ ಉಳಿಸಿದ್ದರೆ ಈ ಬರಹಕ್ಕೆ ಕೆಲಸವಿರುತ್ತಿರಲಿಲ್ಲ.

ಆ ಪೆಟ್ಟಿಗೆಯನ್ನು ಅಲ್ಲಿ ಇಟ್ಟವಳು ನಾನು. ಅಂದರೆ, ಕತೆಯಲ್ಲಿ.

ನನಗೊಂದು ಕಂಪ್ಯೂಟರ್ ಆಟ ಪ್ರಾಣ. ಅದರಲ್ಲಿ ಒಬ್ಬಳು ಹುಡುಗಿ ಹಗ್ಗ, ಪಂಜು ಹಿಡಿದು ದೇಶದೇಶದ ಪಾಳು ಕಟ್ಟಡಗಳಿಗೆ ನುಗ್ಗುತ್ತಾಳೆ, ಬೀಳುತ್ತಾಳೆ, ಸಾಯುತ್ತಾಳೆ, ಬಟ್ಟೆ ಸಹ ಕೊಳೆಯಾಗದೆ ಬಿದ್ದ ಜಾಗದಿಂದಲೇ ಮತ್ತೆ ಎದ್ದು ಬರುತ್ತಾಳೆ. ಕಾಲೇಜಿನ ದಿನಗಳಿಂದ ಆಡಿ ಆಡಿ ಆಟ ಮುಗಿಯಿತು, ಹುಡುಗಿ ಮುಗಿಯಲಿಲ್ಲ. ಅವಳನ್ನು ಎತ್ತಿಕೊಂಡು ಮುಂದಿನ ಕತೆಯನ್ನು ನಾನೇ ಬರೆಯತೊಡಗಿದೆ. ಇದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ನಮ್ಮಮ್ಮ "ಮಾಡಾಕೆ ಬೇರೆ ಕೆಲಸ ಇಲ್ಲ" ಎನ್ನುತ್ತಾಳೆ. ಪಾಠ ಮಾಡಲು ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ಬಸ್ಸಿನಲ್ಲಿ, ಸೀಟು ಸಿಕ್ಕ ದಿನ ಇಡೀ ಭಾಗ, ಸಿಗದ ದಿನ ಅರ್ಧ ಭಾಗ ಮೊಬೈಲಿನಲ್ಲೇ ಬರೆದು ಕನ್ನಡ ಕತೆಗಳ ಆ್ಯಪಿಗೆ ಹಾಕುತ್ತಿದ್ದೆ. ಓದುಗರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಹೀರೋಯಿನ್ ಮದುವೆ ಯಾವಾಗ ಅಕ್ಕ?"

ಆಟದಲ್ಲಿ ಮರಳುಗಾಡಿನ ನಡುವೆ ಒಂದು ಮೆಟ್ಟಿಲುಬಾವಿ ಬರುತ್ತದೆ. ಮರಳುಗಾಡು ನಾನು ನೋಡಿಲ್ಲ. ಮೆಟ್ಟಿಲುಬಾವಿ ನೋಡಿದ್ದೆ, ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ, ಮಾವನ ಹೆಂಡತಿಯ ತವರಿನ ಹೊಲದ ಅಂಚಿಗೆ, ಕುರಿಗಳಷ್ಟೇ ಸುಳಿಯುವ ಜಾಗದಲ್ಲಿ. ಸಡಿಲ ಕಲ್ಲುಗಳು, ಒಳಗೋಡೆಯಲ್ಲಿ ಸವೆದ ಒಂದು ಬಸವ. ಹುಡುಗಿಯನ್ನು ಅಲ್ಲಿಗೇ ಇಳಿಸಿದೆ. ಬಸವನ ಹಿಂದೆ ಬಾಗಿಲು, ಬಾಗಿಲ ಹಿಂದೆ ಪೆಟ್ಟಿಗೆ. ನೈಜವಾಗಿರಲಿ ಎಂದು ಊರಿನ ಹೆಸರನ್ನೂ ಹಾಕಿದೆ. ನೈಜತೆ ಬಹಳ ಚೆನ್ನಾಗಿ ಬಂತು.

ಚನ್ನಗಿರಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ಮಾವ ಅದನ್ನು ಓದಿ ಫೋನ್ ಮಾಡಿದರು.

"ಏನವ್ವಾ, ಇದು ಯಾವ ಶಾಸನದಾಗೆ ಸಿಕ್ತು ನಿಂಗೆ?"

"ಶಾಸನ ಅಲ್ಲ ಮಾವ, ಕತೆ. ಕಂಪ್ಯೂಟರ್ ಆಟದಾಗೆ ಬರೋದು."

"ಆತು ಆತು, ಫೋನಿನಾಗೆ ಹೇಳ್ಬ್ಯಾಡ ಬಿಡು."

ಇತಿಹಾಸದಲ್ಲಿ ಎಂ.ಎ. ಮಾಡಿದ್ದಕ್ಕೆ ನಮ್ಮ ವಂಶದಲ್ಲಿ ಮೊದಲ ಸಲ ಮರ್ಯಾದೆ ಸಿಕ್ಕಿದ್ದು ಹೀಗೆ. ಹಿಸ್ಟರಿ ಓದಿದ ಹುಡುಗಿ ಸುಮ್ಮಸುಮ್ಮನೆ ಬರೆಯುತ್ತಾಳೆಯೇ? ನಾನು ಇಲ್ಲ ಎಂದಷ್ಟೂ ಅವರ ನಂಬಿಕೆ ಗಟ್ಟಿಯಾಗುತ್ತಿತ್ತು. ನಿಧಿಯ ಗುಟ್ಟು ಗೊತ್ತಿದ್ದವರು ಇಲ್ಲ ಎಂದೇ ಅಲ್ಲವೇ ಹೇಳುವುದು. ಸಿಕ್ಕಿದ್ದೆಲ್ಲ ಸರ್ಕಾರಕ್ಕೆ ಸೇರುತ್ತದೆ ಎಂದು ಹೆದರಿಸಿದೆ. "ಸರ್ಕಾರ ನಿನ್ನ ಕತೆ ಓದ್ತೈತಾ?" ಎಂದರು. ಓದುತ್ತಿರಲಿಲ್ಲ.

ತಡೆಯಲೆಂದೇ ಆ ಭಾನುವಾರ ಜೊತೆಗೆ ಹೋದೆ. ಬಾವಿಯ ಬಳಿ ಇನ್ನಿಬ್ಬರು ಕಾದಿದ್ದರು. ಒಬ್ಬರು ಹೊಲದ ಯಜಮಾನರು, ಮಾವನ ಹೆಂಡತಿಯ ಅಣ್ಣ. ನಾನು ದೊಡ್ಡಪ್ಪ ಎನ್ನುವುದು. ಇನ್ನೊಬ್ಬರು ಮಾವನ ಗೆಳೆಯ, ಕೊಳವೆಬಾವಿಯ ಮೋಟಾರು ಎತ್ತುವ ಕೆಲಸದವರು, ಎಲ್ಲರಿಗೂ ಭಾಯ್. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಚೈನು ಸಮೇತ ಬಂದಿದ್ದರು. ಪೆಟ್ಟಿಗೆ ಭಾರ ಇರುತ್ತದಲ್ಲ.

ಮಾವ ಅರ್ಧ ಇಳಿದಿರಬೇಕು, ಕಾಲಡಿಯ ಮೆಟ್ಟಿಲು ಗೋಡೆಯಿಂದ ಕಳಚಿತು. ಮೆಟ್ಟಿಲು ನೀರಿಗೆ ಬಿದ್ದ ಸದ್ದು ಎಷ್ಟೋ ಹೊತ್ತಿನ ಮೇಲೆ ಬಂದಂತಾಯಿತು. ಮಾವ ಮಾತ್ರ ಕೆಳಗಿನ ಚಾಚುಗಲ್ಲಿನ ಮೇಲೆ ಬಿದ್ದಿದ್ದರು. ಒಂದು ಕಾಲು ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ನಾವು ಬಗ್ಗಿ ನೋಡುವಷ್ಟರಲ್ಲಿ ಬಸವನ ಪಕ್ಕದ ಬಿರುಕಿನಿಂದ, ಅವರ ತಲೆಗಿಂತ ಒಂದು ಮೊಳ ಮೇಲೆ, ಹಾವು ಹೊರಬಂತು.

"ಭಾಯ್, ಚೈನು ಬಿಡ್ರಿ!" ಎಂದು ಕಿರುಚಿದೆ.

ದೊಡ್ಡಪ್ಪ ಭಾಯ್ ಕೈ ಹಿಡಿದುಕೊಂಡರು. "ಯಾರೂ ಮುಟ್ಟಬ್ಯಾಡ್ರಿ. ಕಾವಲು ಬಂದೈತೆ. ಮೊದ್ಲು ಕಾಯಿ ಒಡೀಬೇಕು."

"ಮಾವ ಸಾಯ್ತಾರೆ ದೊಡ್ಡಪ್ಪ!"

"ಕಾಯಿ ಒಡೀದೆ ಎತ್ತಿದ್ರೆ ಎಲ್ಲಾರೂ ಸಾಯ್ತೀವಿ."

ಆಗ ಕೆಳಗಿನಿಂದ ಮಾವನ ದನಿ ಬಂತು. ಕಾಲು ಮುರಿದವರ ದನಿಯಲ್ಲಿ ಅಷ್ಟು ಸಂಭ್ರಮ ನಾನು ಕೇಳಿರಲಿಲ್ಲ. "ಭಾವ, ಹಾವು ಕಂಡ್ರಾ? ಅಂದ್ರೆ ಮಾಲು ಐತೆ! ಕಾಯಿ ತಗಂಬರ್ರಿ, ನಾನು ಕಾಯ್ತೀನಿ!"

ದೊಡ್ಡಪ್ಪ ಬೈಕ್ ಹತ್ತಿ ಊರೊಳಗಿನ ಅಂಗಡಿಗೆ ಹೋದರು. ಅವರು ಮರೆಯಾದ ಕೂಡಲೇ ಭಾಯ್ ಚೈನು ಇಳಿಸಿದರು. ಮಾವ ಅದನ್ನು ಪಕ್ಕಕ್ಕೆ ತಳ್ಳಿದರು. "ಕಾಯಿ ಬರ್ಲಿ ಭಾಯ್, ಅವಸರ ಮಾಡಬ್ಯಾಡ್ರಿ."

"ಯಾರ್, ಕಾಯಿ ಬರೋದ್ರಾಗೆ ನೀನು ಹಣ್ಣಾಗಿರ್ತೀಯ!" ಎಂದರು ಭಾಯ್. ಹಾವು ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಾ ಅಲ್ಲೇ ಇತ್ತು.

ಕಾಯಿ ಬಂತು, ಕರ್ಪೂರ ಬಂತು, ಬೆಂಕಿಪೊಟ್ಟಣ ಮರೆತುಹೋಗಿತ್ತು. ಭಾಯ್ ಬೀಡಿಯ ಲೈಟರು ಕೊಟ್ಟರು. ಇನ್ನು ಕಾಯಿ ಒಡೆಯಲು ಕಲ್ಲು ಬೇಕಲ್ಲ. ಅಷ್ಟು ದೊಡ್ಡ ಹೊಲದಲ್ಲಿ, ಹೆಜ್ಜೆಗೊಂದು ಕಲ್ಲಿರುವ ಹೊಲದಲ್ಲಿ, ದೊಡ್ಡಪ್ಪನಿಗೆ ಕಂಡದ್ದು ಬಾವಿಯ ಬಾಯಂಚಿನ ಕಲ್ಲು. ಮೊದಲ ಏಟಿಗೆ ಕಾಯಿ ಒಡೆಯಲಿಲ್ಲ. ಎರಡನೆಯ ಏಟಿಗೆ ಒಡೆಯಿತು. ಕಲ್ಲೂ ಜಾರಿತು.

ಇಲ್ಲಿಂದ ಮುಂದಿನ ಒಂದು ಕ್ಷಣವನ್ನು ತಮಾಷೆ ಮಾಡಲು ನನಗಿನ್ನೂ ಬಂದಿಲ್ಲ. ಮಾವ ಮುಖ ಎತ್ತಿ ಮೇಲೆ ನೋಡುತ್ತಿದ್ದರು. ಕಲ್ಲು ಬರುವುದು ಅವರಿಗೆ ಕಾಣುತ್ತಿತ್ತು, ಕಾಲು ಸಿಕ್ಕಿದ್ದರಿಂದ ಸರಿಯಲಾಗುತ್ತಿರಲಿಲ್ಲ. ಅವರ ಕಿವಿಗೂ ಗೋಡೆಗೂ ನಡುವೆ ಇದ್ದ ಒಂದು ಗೇಣಿನಲ್ಲಿ ಕಲ್ಲು ಹಾದುಹೋಯಿತು. ಆಮೇಲೆ ನೀರಿನ ಸದ್ದು.

ಆ ಗದ್ದಲಕ್ಕೆ ಹಾವು ಬಿರುಕಿನೊಳಗೆ ಸರಿಯಿತು. "ನೋಡಿದ್ರಾ, ಒಪ್ಕಂತು, ದಾರಿ ಬಿಡ್ತು" ಎಂದರು ದೊಡ್ಡಪ್ಪ, ಕೈಯಲ್ಲಿ ಕಾಯಿಯ ಹೋಳು ಹಿಡಿದು. ಮಾವ ಕಲ್ಲುಗಳ ನಡುವಿನಿಂದ ಕಾಲನ್ನು ಹೇಗೋ ಕಿತ್ತುಕೊಂಡು ಚೈನನ್ನು ಸೊಂಟಕ್ಕೆ ಸುತ್ತಿಕೊಂಡರು. ಮೂವರೂ ಸೇರಿ ಎತ್ತಿದೆವು. ಭಾರ ಇತ್ತು.

ದಾವಣಗೆರೆಯ ಆಸ್ಪತ್ರೆಯಲ್ಲಿ ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು. ಮಾವ ಗೊರಕೆ ಹೊಡೆದು ಮಲಗಿದರು. ನಿದ್ದೆ ಕೆಟ್ಟಿದ್ದು ನನ್ನದು. ಕಣ್ಣು ಮುಚ್ಚಿದರೆ ಕಲ್ಲು ಜಾರುತ್ತಿತ್ತು. ಆಟದಲ್ಲಿ ಸತ್ತ ಹುಡುಗಿಯನ್ನು ಹಿಂದಿನ ಕ್ಷಣಕ್ಕೆ ತಂದು ನಿಲ್ಲಿಸುತ್ತಾರಲ್ಲ, ನನ್ನ ತಲೆಯೂ ಹಾಗೆಯೇ ಮತ್ತೆ ಮತ್ತೆ ಕಲ್ಲನ್ನು ಬಾವಿಯ ಬಾಯಿಗೆ ತಂದಿಡುತ್ತಿತ್ತು. ಪ್ರತಿ ಸಲವೂ ಅದು ಬೇರೆ ಕಡೆ ಬೀಳುತ್ತಿತ್ತು. ಗೇಣು ಜಾಗ ಸಿಕ್ಕಿದ್ದು ನಿಜದಲ್ಲಿ ಮಾತ್ರ.

ಅದಾದರೂ ಮುಗಿದ ಕತೆ ಎಂದುಕೊಳ್ಳಬಹುದಿತ್ತು. ಚನ್ನಗಿರಿಗೆ ನೋಡಲು ಹೋದರೆ ಮಾವ ದಿಂಬಿನ ಮೇಲೆ ಕಾಲು ಇಟ್ಟುಕೊಂಡು ಯೋಜನೆ ಹಾಕುತ್ತಿದ್ದರು.

"ಪ್ಲಾಸ್ಟರ್ ಬಿಚ್ಚಿದ್ ಮಾರನೇ ದಿನ ಹೋಗೋದು. ಜೆಸಿಬಿಗೆ ಹೇಳೀನಿ. ಕಾವಲು ಕಂಡ ಮ್ಯಾಲೆ ಬಿಡಾಕೆ ಆಗ್ತೈತಾ?"

"ಹೋಗ್ರಿ, ಹೋಗ್ರಿ," ಎಂದರು ಅತ್ತೆ ಕಾಫಿ ಲೋಟ ಕುಕ್ಕುತ್ತಾ. "ಈ ಸಲ ಕಾಯಿ ಒಡ್ಯಾಕೆ ಕಲ್ಲು ಹುಡುಕೋದೂ ಬ್ಯಾಡ, ನಿಮ್ಮ ತಲೆ ಸಾಕು."

ಲ್ಯಾಪ್‌ಟಾಪ್ ತೆಗೆದು ಆಟವನ್ನೇ ತೋರಿಸಿದೆ. ನೋಡಿ ಮಾವ, ಮೂಲ ಬಾವಿ ಇಲ್ಲಿದೆ, ಮೂಲ ಪೆಟ್ಟಿಗೆಯೂ ಇಲ್ಲೇ ಇದೆ, ಎರಡನ್ನೂ ಯಾರೋ ಕಂಪ್ಯೂಟರಿನಲ್ಲಿ ಬಿಡಿಸಿದ್ದಾರೆ ಎಂದೆ. ಮಾವ ಮುಖ ಹತ್ತಿರ ತಂದು ನೋಡಿದರು. ಮುಖದ ಬಣ್ಣ ಇಳಿಯಿತು.

"ಅಯ್ಯೋ, ಫಾರಿನ್‌ನೋರಿಗೂ ಗೊತ್ತಾಗೈತೆ! ಜೆಸಿಬಿ ಬೇಗ ತರಿಸ್ಬೇಕು."

ಸತ್ಯ ಹೇಳಿ ಸಾಕಾಗಿತ್ತು. ಊರಿಗೆ ಮರಳಿ, ನಿಲ್ಲಿಸಿದ್ದ ಕತೆಯ ಇನ್ನೊಂದು ಭಾಗ ಬರೆದೆ. ಹುಡುಗಿ ಬಸವನ ಹಿಂದಿನ ಬಾಗಿಲು ತೆರೆದಳು. ಪೆಟ್ಟಿಗೆಯ ಮುಚ್ಚಳ ಆಗಲೇ ಮುರಿದಿತ್ತು. ಒಳಗೆ ಹಳೆಯ ಧೂಳು, ಜೇಡರ ಬಲೆ, ಇನ್ನೇನೂ ಇಲ್ಲ. ತಲೆಮಾರುಗಳ ಹಿಂದೆಯೇ ಯಾರೋ ಎಲ್ಲವನ್ನೂ ಬಳಿದುಕೊಂಡು ಹೋಗಿದ್ದರು. ಓದುಗರು ಮೋಸ ಎಂದು ಬೈದರು. ಒಬ್ಬಳು, ಈಗಲಾದರೂ ಅವಳಿಗೆ ಮದುವೆ ಮಾಡಿ ಎಂದಳು.

ಭಾನುವಾರ ಸಂಜೆ ಮಾವನ ಫೋನ್ ಬಂತು.

"ಓದ್ದೆ. ಯಾರಂತವ್ವಾ ಹೊಡ್ಕಂಡು ಹೋಗಿದ್ದು?"

"ಅದು ಗೊತ್ತಾಗಲ್ಲ ಮಾವ. ಬಾಳ ಹಿಂದೆ."

"ಏನೂ ಉಳ್ಸಿಲ್ಲ?"

"ಏನೂ ಇಲ್ಲ."

"ಹ್ಞೂಂ. ಆ ಕಾಲದೋರು ಬಾಳ ಚುರುಕು ಬಿಡು. ಜೆಸಿಬಿಯೋನಿಗೆ ಬರಬ್ಯಾಡ ಅಂತ ಹೇಳಿದೆ. ಇನ್ನು ಅಲ್ಲಿ ಇಳ್ದು ಏನು ಮಾಡೋದೈತಿ?"

ಫೋನ್ ಇಟ್ಟ ಮೇಲೆ ಅನ್ನ ಸಾರು ಉಂಡು ಮಲಗಿದೆ. ಕಣ್ಣು ಬಿಟ್ಟಾಗ ಸೋಮವಾರ, ಮುಖದ ಮೇಲೆ ಬಿಸಿಲು, ನ್ಯಾಮತಿಯ ಬಸ್ಸು ಹೋಗಿ ಆಗಿತ್ತು. "ಎಷ್ಟು ಎಬ್ಬಿಸಿದ್ರೂ ಏಳ್ಲಿಲ್ಲ, ಕಲ್ಲು ಬಿದ್ದಂಗೆ ಬಿದ್ದಿದ್ದೆ" ಎಂದು ಅಮ್ಮ ಬೈಯುತ್ತಿದ್ದಳು. ಹೊದಿಕೆ ಎಳೆದುಕೊಂಡು ಮಗ್ಗಲು ಬದಲಿಸಿದೆ.