ಕಂಬಕ್ಕೆ ತಾಗದ ಚೆಂಡು

ವಿಲ್ಫಿ ನಮ್ಮ ಮನೆಯಲ್ಲಿ ಮೊದಲು ಒದ್ದದ್ದು ಒಂದು ಪಪ್ಪಾಯಿಯನ್ನು. ನನ್ನ ಹೆಂಡತಿ ಸುಮತಿ ಅದನ್ನು ಅವನ ಕೈಗಿಟ್ಟು, ತಾಯಿಗೆ ಕೊಡು ಎಂದಿದ್ದಳು. ಅವನು ಅಂಗಳದಲ್ಲಿ ನಿಂತು ಹಣ್ಣಿನ ಮೂತಿಯನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ತಿರುಗಿಸಿ ನೋಡಿದ. ಆಮೇಲೆ ಏನು ತೋಚಿತೋ, ಮೆಲ್ಲಗೆ ಕೈಬಿಟ್ಟು, ಪಾದದ ಮೇಲೆ ತೆಗೆದುಕೊಂಡು ಒದ್ದೇಬಿಟ್ಟ. ಪಪ್ಪಾಯಿ ಚೆನ್ನಾಗಿಯೇ ಹಾರಿತು. ಇಳಿದದ್ದು ಮಾತ್ರ ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಬಿಳಿ ಕೋಟಿನ ಮೇಲೆ.

ನಾನು ಕಾರ್ಕಳದಲ್ಲಿ ಹೈಸ್ಕೂಲು ಮುಗಿಸಿ, ಸೋದರಮಾವನ ಹಿಂದೆ ನೈರೋಬಿಗೆ ಬಂದವನು. ಲಂಗಾಟಾದ ಒಂದು ಶಾಲೆಯಲ್ಲಿ ಲ್ಯಾಬ್ ಅಸಿಸ್ಟೆಂಟ್ ಆಗಿದ್ದೆ. ಆ ಕೋಟಿನಲ್ಲಿ ಆಸಿಡ್ ಬಿದ್ದು ಸುಟ್ಟ ತೂತುಗಳಿದ್ದವು. ಈಗ ಪಪ್ಪಾಯಿಯ ಕಲೆಯೂ ಸೇರಿಕೊಂಡಿತು. ಎಷ್ಟು ಒಗೆದರೂ ಅದು ಹೋಗಲಿಲ್ಲ.

ವಿಲ್ಫಿಯ ತಾಯಿ ಸ್ಟೆಲ್ಲಾಬಾಯಿ ನಮ್ಮ ಪಕ್ಕದ ಮನೆಯವರು, ಮಂಗಳೂರಿನವರು. ಗಂಡ ತೀರಿಕೊಂಡ ಮೇಲೆ ಪೇಟೆ ನಡುವಿನ ಒಂದು ಕಚೇರಿಯಲ್ಲಿ ಸ್ಟೆನೋ ಆಗಿದ್ದರು. ಸಂಜೆ ಅವರ ಮಟಾಟು, ಅಂದರೆ ಅಲ್ಲಿನ ಬಾಡಿಗೆ ವ್ಯಾನು, ಬರುವವರೆಗೂ ಹುಡುಗ ನಮ್ಮಲ್ಲೇ. ನಮಗೆ ಮಕ್ಕಳಾಗಲಿಲ್ಲ. ತಾಯಿಯೊಡನೆ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ರಸ್ತೆಯಲ್ಲಿ ಸ್ವಾಹಿಲಿ ಆಡುತ್ತಿದ್ದ ಅವನು ಕನ್ನಡವನ್ನು ಇಟ್ಟುಕೊಂಡಿದ್ದು ಸುಮತಿಯ ನೀರುದೋಸೆಗಾಗಿ. ಒಲೆಯ ಪಕ್ಕದಲ್ಲೇ ನಿಂತು ತಿನ್ನುತ್ತಿದ್ದ. ಹೆಂಚಿನಿಂದ ತಟ್ಟೆಗೆ ಬರುವಷ್ಟು ಹೊತ್ತೂ ಕಾಯುತ್ತಿರಲಿಲ್ಲ.

ನಮ್ಮವರ ಹುಡುಗರೆಲ್ಲ ಹಾಕಿ ಆಡುತ್ತಿದ್ದರು, ಅವನೂ ಆಡುತ್ತಿದ್ದ. ಹದಿನಾರರ ವಯಸ್ಸಿನಲ್ಲಿ, ಮೈದಾನದ ಆಚೆ ತುದಿಗೆ ಉರುಳಿದ ಹಾಕಿ ಚೆಂಡನ್ನು ತರಲು ಹೋದವನು ಹಿಂದಿರುಗಿ ಬರಲಿಲ್ಲ. ಅಲ್ಲಿ ಆಸ್ಟ್ರೇಲಿಯಾದ ಕೆಲವು ಎಂಜಿನಿಯರುಗಳು ತಮ್ಮ ದೇಶದ ಫುಟ್‌ಬಾಲ್ ಆಡುತ್ತಿದ್ದರು. ಮೊಟ್ಟೆಯಾಕಾರದ ಚೆಂಡು, ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಮೇಲೆ ಹಾರಿಬಂದ ಆ ಚೆಂಡನ್ನು ಇವನು ಒಬ್ಬ ದಪ್ಪ ಎಂಜಿನಿಯರನ ಹೆಗಲ ಮೇಲಿಂದ ಜಿಗಿದು ಹಿಡಿದನಂತೆ. ಅವರಿಗೆ ಆ ದಿನ ಒಬ್ಬ ಆಟಗಾರ ಕಡಿಮೆಯಿದ್ದ. ಪಪ್ಪಾಯಿಗೆ ಕೇಡು ಬಂದದ್ದು ಅದೇ ಸಂಜೆ.

ಕೆಲವು ದಿನ ಕಳೆದು ಅವನು ನನ್ನಲ್ಲಿ ಕೇಳಿದ: "ಅಂಕಲ್, ನಿಮ್ಮತ್ರ ಬಿಳಿ ಕೋಟು ಉಂಟಲ್ಲ?"

"ಉಂಟು. ನೀನು ಪಪ್ಪಾಯಿ ಬಳಿದದ್ದು."

"ಸಾಕು. ಭಾನುವಾರ ಹಾಕ್ಕೊಂಡು ಬನ್ನಿ. ಕಂಬದ ಹತ್ರ ನಿಂತ್ರೆ ಆಯ್ತು."

"ನಿಂತು ಎಂತ ಮಾಡುದು?"

"ಸತ್ಯ ಹೇಳುದು. ಬೇರೆ ಎಂತ ಕೆಲಸ ಇಲ್ಲ."

ಆ ಆಟದಲ್ಲಿ ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡು ಹೋದರೆ ಗೋಲು, ಆರು ಅಂಕ. ಅವುಗಳ ಪಕ್ಕದಿಂದ ಹೋದರೆ, ಅಥವಾ ಕಂಬಕ್ಕೆ ತಾಗಿದರೆ, ಒಂದು ಅಂಕ. ತಪ್ಪಿದವನಿಗೂ ಏನಾದರೂ ಕೊಟ್ಟು ಕಳುಹಿಸುವ ಆಟ ಎಂದು ನನಗೆ ಮೊದಲ ದಿನವೇ ಇಷ್ಟವಾಯಿತು. ಅದನ್ನು ನೋಡಿ ತೀರ್ಪು ಹೇಳುವವನಿಗೆ ಅವರ ದೇಶದಲ್ಲಿ ಬಿಳಿ ಕೋಟಂತೆ. ಗೋಲಾದರೆ ಎರಡೂ ಕೈಗಳ ತೋರುಬೆರಳನ್ನು ಮುಂದಕ್ಕೆ ಚಾಚಬೇಕು. ತಪ್ಪಿದರೆ ಒಂದೇ ಬೆರಳು. ಕಂಬಕ್ಕೆ ತಾಗಿದ್ದರೆ ಮೊದಲು ಕಂಬವನ್ನು ತಟ್ಟಿ ತೋರಿಸಬೇಕು. ಬೀಸಲಿಕ್ಕೆ ಬಾವುಟವೂ ಬೇಕಿತ್ತು, ಗೋಲಿಗೆ ಎರಡು, ತಪ್ಪಿದರೆ ಒಂದು. ಸುಮತಿ ಹಳೆಯ ದಿಂಬಿನ ಚೀಲಗಳನ್ನು ಕೋಲಿಗೆ ಹೊಲಿದುಕೊಟ್ಟಳು.

ಹೀಗೆ ನಾನು ಎರಡು ವರ್ಷ ಭಾನುವಾರಗಳಂದು ಆ ನೀಲಗಿರಿ ಮರದ ಕಂಬಗಳ ನಡುವೆ ನಿಂತು ವಿಲ್ಫಿಯನ್ನು ನೋಡಿದೆ. ಗೋಲು ಹೊಡೆದರೆ ಅವನು ಹಿಂದೆ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ಮೈದಾನದ ನಡುವಿಗೆ ಓಡಿಬಿಡುತ್ತಿದ್ದ. ತಪ್ಪಿದರೆ ಮಾತ್ರ ಕ್ಷಣ ಹೊತ್ತು ನಿಂತು ಕಂಬಗಳನ್ನು ನೋಡುತ್ತಿದ್ದ. ಒಮ್ಮೆ ಪಕ್ಕದ ಅಭಯಾರಣ್ಯದ ಕಡೆಯಿಂದ ಕಾಡುಹಂದಿಗಳ ಸಂಸಾರವೊಂದು ಮೈದಾನಕ್ಕೆ ಬಂತು. ಎಲ್ಲರೂ ಆಟ ನಿಲ್ಲಿಸಿದರೆ ಇವನು ಅವುಗಳನ್ನು ಬಳಸಿಕೊಂಡು ಹೋಗಿ ಚೆಂಡು ಒದ್ದ. ಗೋಲೆಂದು ಬೆರಳು ಚಾಚಿದೆ. ಎದುರಾಳಿಗಳು ತಕರಾರು ಮಾಡಿದರು. ಹಂದಿಗಳ ವಿಷಯ ನಿಯಮದಲ್ಲಿಲ್ಲ ಎಂದೆ.

ಶಾಲೆಯಿಂದ ಬರುವಾಗ ಅವನು ಆ ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಓಡಿಬರುತ್ತಿದ್ದ. ಮಟಾಟುವಿನ ಬಾಗಿಲಲ್ಲಿ ನೇತಾಡುವ ಕಂಡಕ್ಟರ್ ದಿನವೂ ಆಸ್ಟ್ರಿಚ್ ಕ್ಷೇಮವೇ, ಇವತ್ತು ಇಟ್ಟದ್ದು ಇದೊಂದೇ ಮೊಟ್ಟೆಯೇ ಎಂದು ವಿಚಾರಿಸುತ್ತಿದ್ದ. ವಿಲ್ಫಿ ಒಂದು ದಿನ ಚೆಂಡನ್ನು ಅವನ ಕೈಗೇ ಕೊಟ್ಟು ಪುಟಿಸಿ ತೋರಿಸು ಎಂದ. ಅದು ಪುಟಿದು ಡ್ರೈವರನ ಕಿಟಕಿಯೊಳಗೆ ಹೋಯಿತು. "ಚೆಂಡಿಗೆ ಬುದ್ಧಿ ಇಲ್ಲ ಅಂಕಲ್, ನಾವೇ ಇಟ್ಕೊಳ್ಬೇಕು" ಎನ್ನುವುದು ಅವನ ಮಾತು. ಸುಮತಿಯ ದೋಸೆ ಹರಿದರೂ ಅದನ್ನೇ ಹೇಳುತ್ತಿದ್ದ. ಚೆಂಡಿನ ಬದಲು ಹೆಂಚು.

ಅವನು ಶಾಲೆ ಮುಗಿಸಿದ ವರ್ಷ, ಎಂಜಿನಿಯರೊಬ್ಬರ ಅಣ್ಣ ನೈರೋಬಿಗೆ ಬಂದ. ಮೆಲ್ಬರ್ನಿನ ಒಂದು ಕ್ಲಬ್ಬಿಗೆ ಹೊಸ ಹುಡುಗರನ್ನು ಆರಿಸುವವನು. ತಮ್ಮ ಬರೆದದ್ದು ನಿಜವೋ ಎಂದು ವಿಲ್ಫಿಯ ಆಟ ನೋಡಲು ಒಪ್ಪಿದ್ದ. ಸ್ಟೆಲ್ಲಾಬಾಯಿಗೆ ಮಗ ಅಕೌಂಟ್ಸ್ ಓದಬೇಕೆಂದಿತ್ತು. ಆದರೂ ಆ ಮನುಷ್ಯ ಹೌದು ಎಂದರೆ ತಾನು ಅಡ್ಡ ಬರುವುದಿಲ್ಲ ಎಂದಿದ್ದರು. ಅಡ್ಡ ಬರುವ ಮನಸ್ಸು ಇದ್ದದ್ದು ನನಗೆ. ಅದನ್ನು ನಾನು ಸುಮತಿಗೂ ಹೇಳಿರಲಿಲ್ಲ.

ಆಟದ ಕೊನೆಯ ಹೊತ್ತಿನಲ್ಲಿ ವಿಲ್ಫಿಯ ತಂಡ ನಾಲ್ಕು ಅಂಕ ಹಿಂದಿತ್ತು. ಅವನು ಬಹಳ ದೂರದಿಂದ, ಓರೆಯಿಂದ ಒದ್ದ. ಚೆಂಡು ತಿರುಗುತ್ತಾ ನನ್ನ ತಲೆಯ ಮೇಲೆ ಎಡಗಂಬದ ಒಳಗಿನಿಂದ ಹೋಯಿತು. ಚೆಂಡಿಗೂ ಕಂಬಕ್ಕೂ ನಡುವೆ ಆಕಾಶ ಕಂಡಿತು. ಅದನ್ನು ನೋಡಬಲ್ಲವನು ನಾನೊಬ್ಬನೇ, ಬಿಳಿ ಕೋಟಿನವನು. ನಾನು ಕಂಬವನ್ನು ತಟ್ಟಿದೆ. ಒಂದು ಬೆರಳು ತೋರಿಸಿದೆ. ಸುಮತಿ ಹೊಲಿದ ಒಂದು ಬಾವುಟ ಬೀಸಿದೆ.

ಯಾರೂ ಪ್ರಶ್ನಿಸಲಿಲ್ಲ. ನನ್ನ ಮಾತಿನ ಮೇಲೆ ಅವರಿಗೆ ಅಷ್ಟು ನಂಬಿಕೆ. ವಿಲ್ಫಿ ಕ್ಷಣ ಹೊತ್ತು ನಿಂತ. ಅವತ್ತು ಅವನು ಕಂಬಗಳನ್ನು ನೋಡಲಿಲ್ಲ, ನನ್ನನ್ನು ನೋಡಿದ.

ಅವನ ತಂಡ ಸೋತಿತು. ನಾನು ಬಾವುಟ ಸುತ್ತಿಕೊಂಡು ಬಂದಾಗ ಸ್ಟೆಲ್ಲಾಬಾಯಿ ಚಹಾ ಲೋಟ ಹಿಡಿದು ಅಳುತ್ತಾ ನಗುತ್ತಾ ಕೂತಿದ್ದರು. ಆ ಮನುಷ್ಯ ಅರ್ಧ ಆಟ ಮುಗಿಯುವ ಮೊದಲೇ ಅವರ ಬಳಿ ಬಂದು, ಮಗನನ್ನು ಕಳುಹಿಸುತ್ತೀರಾ ಎಂದು ಕೇಳಿಯಾಗಿತ್ತು. ನನ್ನ ಸುಳ್ಳು ಯಾರ ಪ್ರಯಾಣವನ್ನೂ ನಿಲ್ಲಿಸಲಿಲ್ಲ. ಅದು ನನ್ನಲ್ಲೇ ಉಳಿಯಿತು.

ಮೆಲ್ಬರ್ನಿನಲ್ಲಿ ಮೊದಲ ಎರಡು ಚಳಿಗಾಲ ಅವನು ಕ್ಲಬ್ಬಿನ ಎರಡನೆಯ ತಂಡದಲ್ಲಿದ್ದ. ಹಗಲು ಟೈರ್ ಅಂಗಡಿಯಲ್ಲಿ ಕೆಲಸ, ಸಂಜೆ ಅಭ್ಯಾಸ. ಶನಿವಾರ ಆಟ, ಎಷ್ಟೋ ಶನಿವಾರ ಬರೀ ಬೆಂಚು. ಮೂರನೆಯ ವರ್ಷ ದೊಡ್ಡ ತಂಡಕ್ಕೆ ಆಯ್ಕೆಯಾದಾಗ ಆ ಮೊದಲ ಆಟದ ವಿಡಿಯೋ ಕ್ಯಾಸೆಟ್ ಕಳುಹಿಸಿದ. ಸ್ಟೆಲ್ಲಾಬಾಯಿಯ ಮನೆಯಲ್ಲಿ ನಾವು ಮೂವರೂ ಕೂತು ನೋಡಿದೆವು. ಸಾವಿರಾರು ಜನರ ನಡುವೆ ನಮ್ಮ ವಿಲ್ಫಿ, ತೋಳಿಲ್ಲದ ಅಂಗಿಯಲ್ಲಿ, ಕಡ್ಡಿಯಂತೆ. ಅವನು ಒದ್ದ ಮೊದಲ ಚೆಂಡು ನಿಜವಾಗಿಯೇ ಕಂಬಕ್ಕೆ ಬಡಿಯಿತು. ಬಿಳಿ ಕೋಟಿನವನೊಬ್ಬ ಮುಂದೆ ಬಂದು ಕಂಬ ತಟ್ಟಿದ.

"ನೋಡಿ, ಥೇಟ್ ನಿಮ್ಮ ಹಾಗೇ" ಎಂದಳು ಸುಮತಿ.

ನಾನು ನೀರು ಕುಡಿಯಲು ಎದ್ದುಹೋದೆ. ಅವನ ಮೊದಲ ಗೋಲು ಆದದ್ದು ಆಗಲೇ. ಅದನ್ನು ನಾನು ಅಡುಗೆಮನೆಯಿಂದ, ಸ್ಟೆಲ್ಲಾಬಾಯಿಯ ಕೂಗಿನಲ್ಲಿ ಕೇಳಿದೆ.

ಕೆಲವು ವರ್ಷಗಳಾದ ಮೇಲೆ ಅವನು ತಾಯಿಯನ್ನು ಕರೆದುಕೊಂಡು ಹೋಗಲು ಬಂದ. ಹೆಗಲು ಅಗಲವಾಗಿತ್ತು, ಒಂದು ಮೊಣಕಾಲಿನಲ್ಲಿ ಹೊಲಿಗೆಯ ಗುರುತಿತ್ತು. ಒಲೆಯ ಪಕ್ಕದಲ್ಲೇ ನಿಂತು ದೋಸೆ ತಿಂದ. ಸುಮತಿ ಚಟ್ನಿಗೆ ಹಸಿಮೆಣಸು ತರಲು ಹಿತ್ತಿಲಿಗೆ ಹೋದಾಗ, ನಾನು ತಡೆಯಲಾರದೆ, ಆ ದಿನ ಚೆಂಡು ಕಂಬಕ್ಕೆ ತಾಗಿರಲಿಲ್ಲ ಎಂದುಬಿಟ್ಟೆ.

"ಗೊತ್ತು ಅಂಕಲ್. ತಾಗಿದ್ರೆ ಸದ್ದು ಬರ್ಬೇಕಲ್ಲ."

"ಮತ್ತೆ ಯಾಕೆ ಸುಮ್ಮನಿದ್ದೆ ಮಾರಾಯ?"

ಅವನು ದೋಸೆ ಮಡಚಿ ಬಾಯಿಗಿಟ್ಟುಕೊಂಡ. "ನಾನು ಹೋಗುದು ನಿಮಗೆ ಬೇಡ ಅಂತ ನನಗೆ ಅವತ್ತೇ ಗೊತ್ತಾದ್ದು. ಅಲ್ಲಿ ಬೆಂಚಿನ ಮೇಲೆ ಚಳಿಯಲ್ಲಿ ಕೂತ್ಕೊಂಡಾಗ ಅದನ್ನೇ ನೆನಪು ಮಾಡ್ಕೊಳ್ತಿದ್ದೆ. ಅಷ್ಟು ಜನರ ಮುಂದೆ ನನಗೋಸ್ಕರ ಸುಳ್ಳು ಹೇಳಿದವರು ನೀವೊಬ್ರೇ." ಆಮೇಲೆ ತಟ್ಟೆ ಚಾಚಿ, "ಆದ್ರೂ ಆ ಗೋಲು ನನ್ನದು" ಎಂದ.

ಅವರು ಹೊರಟ ದಿನ ವಿಮಾನ ನಿಲ್ದಾಣದ ಗಾಜಿನ ಬಾಗಿಲಿನವರೆಗೂ ಹೋಗಿದ್ದೆವು. ಸ್ಟೆಲ್ಲಾಬಾಯಿ ಸುಮತಿಯ ಕೈ ಬಿಡಲಾರದೆ ಬಿಟ್ಟು ಒಳಗೆ ಹೋದರು. ವಿಲ್ಫಿ ತಾಯಿಯ ಚೀಲ ಹೊತ್ತು ಗಾಜಿನ ಆಚೆಯಿಂದ ತಿರುಗಿ ನೋಡಿದ. ನಾನು ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಎರಡೂ ತೋರುಬೆರಳುಗಳನ್ನು ಮುಂದಕ್ಕೆ ಚಾಚಿದೆ.

"ಎಂತ ಇದು, ಜನ ನೋಡ್ತಿದ್ದಾರೆ" ಎಂದು ಸುಮತಿ ನನ್ನ ತೋಳು ಎಳೆದಳು. ನಾನು ಕೈ ಇಳಿಸಲಿಲ್ಲ.

ವಿಲ್ಫಿ ನಕ್ಕ. ಆಮೇಲೆ ತಲೆ ತಗ್ಗಿಸಿ, ಮತ್ತೆ ಹಿಂದೆ ನೋಡದೆ, ಸಣ್ಣಗೆ ಓಡುತ್ತಾ ತಾಯಿಯನ್ನು ಕೂಡಿಕೊಂಡ.