ಶನಿಯ ಡಬ್ಬಿ

ಊರಿನ ನಲ್ಲಿಗಳೆಲ್ಲ ಪೈಪಣ್ಣನ ಮಾತು ಕೇಳುತ್ತಿದ್ದವು. ಮನುಷ್ಯರ ವಿಷಯ ಬೇರೆ. ನೀರು ಬರುತ್ತಿರುವಷ್ಟು ದಿನ ಪ್ಲಂಬರನನ್ನು ಯಾರು ನೆನೆಯುತ್ತಾರೆ? ನಿಂತಾಗ ಮಾತ್ರ ಬೈಯುತ್ತಾರೆ.

ಐವತ್ತು ದಾಟಿದ ಮೇಲೆ ಅವನಿಗೊಂದು ಹುಚ್ಚು ಹಿಡಿಯಿತು. ಬೆಟ್ಟದ ಮೇಲಿನ ಲಾಡ್ಜಿನಲ್ಲಿ ಸೋರುವ ಸಿಂಕು ಸರಿಮಾಡುತ್ತಿದ್ದಾಗ, ಅಲ್ಲಿ ಇಳಿದುಕೊಂಡಿದ್ದ ಹೆಂಗಸೊಬ್ಬಳು ಮೊಬೈಲ್ ಹಿಡಿದು ಗೋಡೆಯ ಕಲ್ಲುಸಂದುಗಳನ್ನು ತಡಕುತ್ತಿದ್ದಳು. ಕೇಳಿದರೆ, ಜಿಯೋಕ್ಯಾಶಿಂಗ್ ಎಂಬ ಆಟವಂತೆ. ಒಬ್ಬರು ಡಬ್ಬಿ ಬಚ್ಚಿಟ್ಟು ಜಾಗದ ಗುರುತನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ; ಉಳಿದವರು ಹುಡುಕಿ, ಒಳಗಿನ ಚೀಟಿಗೆ ಸಹಿ ಹಾಕಿ, ಮತ್ತೆ ಅಲ್ಲೇ ಇಡುತ್ತಾರೆ. ಡಬ್ಬಿ ಸಿಕ್ಕಾಗ ಅವಳ ಮುಖ ಅರಳಿತಲ್ಲ, ಪೈಪಣ್ಣನ ಕೆಲಸ ಕಂಡು ಯಾರ ಮುಖವೂ ಹಾಗೆ ಅರಳಿರಲಿಲ್ಲ.

ಬೆಟ್ಟದ ಕಾಡುರಸ್ತೆಯುದ್ದಕ್ಕೂ ಗ್ರಹಗಳನ್ನೇ, ಸೂರ್ಯನಿಂದ ಅವುಗಳಿಗಿರುವ ದೂರದ ಅಳತೆಗೆ ತಕ್ಕಂತೆ, ಬಚ್ಚಿಡುವುದೆಂದು ನಿರ್ಧರಿಸಿದ. ಪೈಪಿನ ತುಂಡುಗಳಿಗೆ ಎರಡೂ ಕಡೆ ಮುಚ್ಚಳ ಹಾಕಿ, ಒಳಗೆ ಬಣ್ಣ ಬಳಿದ ಮರದ ಗುಂಡು ಇಟ್ಟ. ಶನಿಯ ಬಳೆಗೆ ರಬ್ಬರ್ ವಾಷರ್. ಬುಧನಿಂದ ಮಂಗಳದವರೆಗೆ ಕೂಗಳತೆಯಲ್ಲೇ ಮುಗಿಯಿತು. ಆಮೇಲಿನವು ಒಂದೊಂದೂ ಮೊಣಕಾಲು ಮುರಿಯುವಷ್ಟು ದೂರ. ಬಾಡಿಗೆ ವ್ಯಾನು ಓಡಿಸುತ್ತಿದ್ದ ಭಾವಮೈದನೇ ಜೊತೆಗೆ ಬಂದು ನೆಪ್ಚೂನಿನವರೆಗೆ ಕರೆದೊಯ್ದ.

ಗುರು ನೆಟ್ಟಗಿದ್ದ. ಶನಿ ಮಾತ್ರ ಇಟ್ಟಲ್ಲಿ ನಿಲ್ಲಲಿಲ್ಲ. ಮೊದಲ ಸಲ ಮಂಗನ ಕೆಲಸ ಅಂದುಕೊಂಡು ಹೊಸದು ಮಾಡಿಟ್ಟ. ಅದೂ ಹೋಯಿತು. ದೂರದಿಂದ ಬಂದವರು "ಶನಿ ಇಲ್ಲವೇ ಇಲ್ಲ, ದಿನ ಹಾಳಾಯಿತು" ಎಂದು ಬರೆದರು. ಅದನ್ನು ಓದಿ ಪೈಪಣ್ಣನಿಗೆ ಊಟ ಸೇರಲಿಲ್ಲ.

"ಭಾವ, ಲೋಕವೆಲ್ಲ ಶನಿ ಬಿಟ್ಟರೆ ಸಾಕು ಅನ್ನುತ್ತೆ. ನೀವು ಹುಡುಕ್ಕೊಂಡು ಹೋಗ್ತೀರಲ್ಲ" ಎಂದು ಭಾವಮೈದ ನಕ್ಕ.

ಮೂರನೆಯದನ್ನು ಬೇರೆ ಬಂಡೆಯ ಕೆಳಗಿಟ್ಟರು. ಗುರುತನ್ನು ಇನ್ನೂ ಇಂಟರ್ನೆಟ್ಟಿಗೆ ಹಾಕಿರಲಿಲ್ಲ. ಅವರಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಆ ವಾರವೇ ಮಾಯ. ಪೈಪಣ್ಣನ ತಲೆ ಕೆಟ್ಟಿತು. ಭಾವಮೈದ ಮನೆಗೆ ಬಂದಾಗ ಕೂತುಕೋ ಎಂದೂ ಹೇಳದೆ ಕೇಳಿದ: "ತಮಾಷೆ ಸಾಕು. ಡಬ್ಬಿ ಎಲ್ಲಿಟ್ಟಿದ್ದೀಯ?"

"ನಾನ್ಯಾಕೆ ತೆಗೀಲಿ ಭಾವ?"

"ಮತ್ತಿನ್ಯಾರಿಗೆ ಗೊತ್ತಿತ್ತು?"

ಅವನು ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖ ನೋಡಿದ. ಅಕ್ಕ ನೆಲ ನೋಡಿದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ.

ಪೈಪಣ್ಣ ನಾಲ್ಕನೆಯದನ್ನು ಇಟ್ಟು, ದಿನವೂ ಬಸ್ಸಿನಲ್ಲಿ ಹೋಗಿ ಪೊದೆಯ ಹಿಂದೆ ಕೂತ. ಸೊಳ್ಳೆ ಕಡಿಯಿತು, ಸೊಂಟ ಹಿಡಿಯಿತು. ಕೊನೆಗೊಂದು ಬೆಳಿಗ್ಗೆ ರಸ್ತೆ ಗುಡಿಸುವ ಹೆಂಗಸು ಚೀಲ ಎಳೆಯುತ್ತ ಬಂದಳು. ಬಾಟಲಿ, ಕವರು ಆರಿಸುತ್ತ ಬಂಡೆಯ ಕೆಳಗೆ ಕೈ ಹಾಕಿ, ಶನಿಯನ್ನು ಚೀಲಕ್ಕೆ ಎಸೆದಳು.

"ಅಮ್ಮಾ, ಅದು ನನ್ನದು."

"ನಿಮ್ಮದಾ? ದಿನಾ ಇಲ್ಲಿ ಪೈಪು ಬಿಸಾಕೋರು ನೀವೇನಾ? ಜಿಂಕೆ ತಿಂದು ಸತ್ರೆ ನನ್ನನ್ನ ಕೇಳ್ತಾರೆ."

"ಬಿಸಾಕಿಲ್ಲ, ಬಚ್ಚಿಟ್ಟಿದ್ದು."

"ಬಚ್ಚಿಡೋರು ನನಗೆ ಕಾಣದ ಹಾಗೆ ಇಡಬೇಕಪ್ಪ. ನೀವಿಡೋ ಜಾಗದಲ್ಲೇ ಎಲ್ಲರೂ ಬಾಟಲಿ ತುರುಕ್ತಾರೆ."

ಪೈಪಣ್ಣ ಆಟವನ್ನು ವಿವರಿಸಿದ. ಅವಳು ಪೂರ್ತಿ ಕೇಳಿ, ಡಬ್ಬಿ ವಾಪಸು ಕೊಟ್ಟು, "ಮೇಲೆ ಏನಾದ್ರೂ ಬರೀರಿ, ಮುಟ್ಟಲ್ಲ" ಎಂದು ಮುಂದಕ್ಕೆ ಹೋದಳು. ಬೈಯುವುದಕ್ಕೂ ಒಬ್ಬರು ಸಿಗಲಿಲ್ಲವಲ್ಲ ಎಂದು ಅವನಿಗೆ ಇನ್ನಷ್ಟು ಉರಿಯಿತು.

ಅಂದು ಸಂಜೆ ಭಾವಮೈದನ ಮನೆಗೆ ಹೋದ. ಅವನು ವ್ಯಾನು ತೊಳೆಯುತ್ತಿದ್ದ.

"ತಪ್ಪಾಯ್ತು ಕಣೋ. ಕಸ ಅಂದ್ಕೊಂಡು ತೆಗೆದಿದ್ದಾರೆ."

"ನನ್ನನ್ನೂ ಹಾಗೇ ಅಂದ್ಕೊಂಡ್ರಲ್ಲ, ಬಿಡಿ ಭಾವ." ದನಿಯಲ್ಲಿ ಸಿಟ್ಟಿರಲಿಲ್ಲ. ಕಾಫಿ ಕೊಟ್ಟ, ಯೋಗಕ್ಷೇಮ ಕೇಳಿದ. ಬೆಟ್ಟದ ಮಾತೆತ್ತಿದಾಗ ಮಾತ್ರ, "ಈಗ ಬಾಡಿಗೆ ಜಾಸ್ತಿ, ಪುರುಸೊತ್ತಿಲ್ಲ" ಎಂದ.

ಶನಿ ಈಗ ನಿಂತಿದ್ದಾನೆ. ಡಬ್ಬಿಯ ಮೇಲೆ ಹೆಸರು ಬರೆದಿರುವುದರಿಂದ ಹುಡುಕುವ ಮಜಾ ಇಲ್ಲವೆಂದು ಜನ ದೂರುತ್ತಾರೆ. ಚೀಟಿ ಬದಲಿಸಲು ಪೈಪಣ್ಣ ಬಸ್ಸಿನಲ್ಲಿ ಹೋಗಿ, ಉಳಿದ ಏರು ನಡೆಯುತ್ತಾನೆ. ಪ್ರತಿಸಲ ಹೊರಡುವ ಮುಂಚೆ, ಬರ್ತೀಯೇನೋ ಎಂದು ಭಾವಮೈದನಿಗೆ ಫೋನು ಮಾಡುತ್ತಾನೆ. ಅವನು "ನೋಡೋಣ" ಅನ್ನುತ್ತಾನೆ.